ಮೈಸೆಲ್ಫ್ ಬಿಟ್ಟು ಐ ಹಿಡೀರಿ: ಇಂಗ್ಲಿಷ್ ಸರ್ವನಾಮ ಸರಿ ಮಾಡ್ಕೊಳ್ಳೋದು ಹ್ಯಾಂಗ

ಕಲಬುರಗಿಯೊಳಗ ನಾ ಸಂಜಿ ಹೊತ್ತು ಹುಡುಗ್ರಿಗಿ ಇಂಟರ್ವ್ಯೂಕ್ಕ ಬೇಕಾಗೋ ಇಂಗ್ಲಿಷ್ ಹೇಳಿಕೊಡ್ತೀನಿ. ಆಳಂದ, ಜೇವರ್ಗಿ, ಚಿತ್ತಾಪುರ ಕಡಿಯಿಂದ ಬಸ್ಸಿಗಿ ಬರೋರು ಅದಾರ, ಯಾದಗಿರಿಯಿಂದ ರೈಲಿಗಿ ಬಂದು ಹೋಗೋರು ಅದಾರ, ಎಲ್ಲಾರೂ ಓದಿದವ್ರೇ, ಕೈಯಾಗ ಡಿಗ್ರಿ ಅದ, ಮಾರ್ಕ್ಸ್ ಚಲೋ ಅವ. ಆದ್ರ ಎದ್ದು ನಿಂತು ಬಾಯಿ ತೆರೆದ್ರು ಅಂದ್ರ ಮೊದಲ್ನೇ ಪದಾನೇ ತಪ್ಪು. "ಗುಡ್ ಮಾರ್ನಿಂಗ್ ಸರ್, ಮೈಸೆಲ್ಫ್ ಬಸವರಾಜ್." ಇದನ್ನ ಕೇಳಿದಾಗೆಲ್ಲ ನನಗ ಸಿಟ್ಟು ಬರ್ತದ, ಹುಡುಗ್ರ ಮ್ಯಾಲ ಅಲ್ಲ, ಸಣ್ಣವ್ರಿದ್ದಾಗ ಇದನ್ನ ಅವ್ರ ಬಾಯಾಗ ಹಾಕಿ ಮುಂದ ಹದಿನೈದು ವರ್ಷ ಯಾರೂ ತಿದ್ದಲಿಲ್ಲಲ್ಲ, ಅದರ ಮ್ಯಾಲ.

ನನ್ನ ಹತ್ರ ಬರ್ತಿದ್ದ ಒಬ್ಬ ಹುಡುಗಿ ಬೆಂಗಳೂರಿಗಿ ಇಂಟರ್ವ್ಯೂಕ್ಕ ಹೋಗಿ ಬಂದು ಹೇಳಿದ್ದು ಇನ್ನೂ ಕಿವ್ಯಾಗ ಅದ. ಅಕಿ ಮೈಸೆಲ್ಫ್ ಅಂದ ಕೂಡ್ಲೇ ಎದುರಿಗಿ ಕುಂತವ್ರು ಒಬ್ರ ಮುಖ ಒಬ್ರು ನೋಡಿ ನಕ್ಕರಂತ. ಯಾಕ ನಕ್ರು ಅಂತ ಅಕಿಗಿ ತಿಳೀಲಿಲ್ಲ, ಅದೇ ವಿಚಾರ ತಲ್ಯಾಗ ಕುಂತು ಮುಂದಿನ ಪ್ರಶ್ನೆಗೆಲ್ಲ ಉತ್ತರ ಗೊತ್ತಿದ್ರೂ ಹೇಳ್ಲಿಕ್ಕಾಗ್ಲಿಲ್ಲ. ಒಂದು ಪದಕ್ಕ ಹಿಂಗ ಆಯ್ತು. ನಕ್ಕವ್ರದೂ ತಪ್ಪದ, ಆದ್ರ ಅವ್ರನ್ನ ತಿದ್ದೋದು ನಮ್ಮ ಕೈಯಾಗಿಲ್ಲ, ಪದ ತಿದ್ದೋದು ನಮ್ಮ ಕೈಯಾಗ ಅದ.

ಕೇಳಿ ಕೇಳಿ ನನಗ ತಿಳದದ್ದು ಏನಂದ್ರ, ನಮ್ಮವ್ರು ಸರ್ವನಾಮದಾಗ ಮಾಡೋ ತಪ್ಪು ಸುಮ್ಮ್ ಸುಮ್ಮನ ಆಗೋ ತಪ್ಪಲ್ಲ, ಬಹಳಷ್ಟು ತಪ್ಪಿನ ಹಿಂದ ಒಂದು ಸರಿಯಾದ ಕನ್ನಡ ಮಾತು ಕುಂತಿರ್ತದ. ಆ ಕನ್ನಡ ಯಾವ್ದು ಅಂತ ಹಿಡದ್ರ ಇಂಗ್ಲಿಷ್ ಸರಿ ಮಾಡೋದು ಸಸಾರ. ದಪ್ಪ ವ್ಯಾಕರಣ ಪುಸ್ತಕ ಏನೂ ಬ್ಯಾಡ. ಕೆಳಗ ಹೇಳಿದಂಗ ಒಂದೊಂದೇ ಹೆಜ್ಜಿ ಮಾಡ್ಕೋತ ಹೋಗ್ರಿ, ದಿನಕ್ಕ ಒಂದು ಸಾಕು.

ಹೆಜ್ಜಿ 1: ಒಂದು ಹಾಳಿ ತಗೊಂಡು ಐದು ಪದ ಬರೀರಿ

ಎಡಕ್ಕ ಕನ್ನಡ, ಬಲಕ್ಕ ಇಂಗ್ಲಿಷ್. ನಾ ಅಂದ್ರ ಐ. ನನಗ, ನನ್ನನ್ನ, ನನ್ನ ಜೋಡಿ, ನನ್ನಿಂದ, ಇವೆಲ್ಲಕ್ಕೂ ಮಿ. ನನ್ನ ಪುಸ್ತಕ, ನನ್ನ ಫೋನ್ ಅನ್ನಾಗಿನ ನನ್ನ ಅಂದ್ರ ಮೈ. ನಂದು ಅಂದ್ರ ಮೈನ್. ಕೊನೀಗಿ ಮೈಸೆಲ್ಫ್, ಇದರ ಎದುರಿಗಿ ಎರಡು ಕನ್ನಡ ಬರೀರಿ, ಒಂದು "ನನಗ ನಾನೇ", ಇನ್ನೊಂದು "ಖುದ್ದು ನಾನೇ". ಹಿಂಗೇ ಹಿ, ಶಿ, ವಿ, ಯು, ದೇ ಎಲ್ಲಾದಕ್ಕೂ ಒಂದೊಂದು ಸಾಲು ಮಾಡ್ರಿ. ಮಾಡ್ಕೋತ ಹೋದಂಗ ಒಂದು ಕಾಣ್ತದ, ಶಿ ಸಾಲಿನಾಗ ಅಕಿಗಿ ಅನ್ನಾಗೂ ಹರ್, ಅಕಿ ಪುಸ್ತಕ ಅನ್ನಾಗೂ ಹರ್, ಅಕಿದು ಅನ್ನಾಗ ಮಾತ್ರ ಹರ್ಸ್. ಅದೇ ಹಿ ಸಾಲಿನಾಗ ಅವನ ಪುಸ್ತಕಕ್ಕೂ ಹಿಸ್, ಅವಂದು ಅನ್ನಾಗೂ ಹಿಸ್. ಹರ್ಸ್, ಹಿಸ್, ಯುವರ್ಸ್ ಎಲ್ಲಾದರ ಕೊನೀಗಿ ಎಸ್ ಕೇಳಿ ಕೇಳಿ ಮಂದಿ "ದಟ್ ಬೈಕ್ ಈಸ್ ಮೈನ್ಸ್" ಅಂತಾರ, ಆ ಸಾಲಿನಾಗ ಮೈನ್ ಒಂದಕ್ಕೇ ಎಸ್ ಇಲ್ಲ, ಅಲ್ಲೊಂದು ಗೆರಿ ಹೊಡ್ಕೋರಿ.

ಈ ಹಾಳಿ ಕಿಸೆದಾಗ ಇರಲಿ, ಮುಂದ ಎಲ್ಲಾ ಹೆಜ್ಜಿಗೂ ಬೇಕು.

ಹೆಜ್ಜಿ 2: ಮೈಸೆಲ್ಫ್

ಇದು ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಸಣ್ಣ ಕ್ಲಾಸಿನಾಗ ಎಲ್ಲಾ ಮಕ್ಕಳಿಗೂ ಒಂದು ಪ್ರಬಂಧ ಇರ್ತದ, ಮ್ಯಾಲ ದೊಡ್ಡ ಅಕ್ಷರದಾಗ "ಮೈಸೆಲ್ಫ್" ಅಂತ ತಲೆಬರಹ, ಕೆಳಗ ಹತ್ತು ಸಾಲು. ಆ ತಲೆಬರಹ ಮಗುವಿನ ತಲ್ಯಾಗ ತನ್ನ ಪರಿಚಯದ ಮೊದಲ್ನೇ ಪದ ಆಗಿ ಕುಂತ್ಬಿಡ್ತದ. ದೊಡ್ಡವ್ರಾದ್ಮ್ಯಾಲ ಇಂಟರ್ವ್ಯೂದಾಗ "ಇಂಟ್ರೊಡ್ಯೂಸ್ ಯುವರ್‌ಸೆಲ್ಫ್" ಅಂತ ಕೇಳ್ತಾರ, ಪ್ರಶ್ನೆ ಸೆಲ್ಫ್ ಅಂತ ಮುಗೀತು, ಉತ್ತರಾನೂ ಸೆಲ್ಫ್ ಅಂತೇ ಸುರು ಆಗ್ತದ. ಇವೆರಡಕ್ಕಿಂತ ದೊಡ್ಡ ಕಾರಣ ನಮ್ಮ ಕನ್ನಡದಾಗೇ ಅದ. "ನಾ ಬಸವರಾಜ" ಅಂತೀವಿ, ಮಾತು ಮುಗೀತು, ನಡುವ ಕ್ರಿಯಾಪದ ಬ್ಯಾಡ. ಇಂಗ್ಲಿಷಿಗಿ ಹಂಗ ನಡ್ಯಂಗಿಲ್ಲ, ನಡುವ ಯಾಮ್ ಬೇಕೇ ಬೇಕು. "ಐ ಬಸವರಾಜ್" ಅಂದ್ರ ಕಿವಿಗಿ ಏನೋ ಕಮ್ಮಿ ಆದಂಗ ಆಗ್ತದ, "ಮೈಸೆಲ್ಫ್ ಬಸವರಾಜ್" ಅಂದ್ರ ಪದ ಉದ್ದ ಅದ, ತೂಕ ಅದ, ಹಂಗಾಗಿ ಆ ಕಮ್ಮಿ ಕಾಣಂಗಿಲ್ಲ.

ಸರಿ ಯಾವ್ದು ಅಂದ್ರ, "ಐ ಯಾಮ್ ಬಸವರಾಜ್" ಇಲ್ಲಾ "ಮೈ ನೇಮ್ ಈಸ್ ಬಸವರಾಜ್". ಫೋನ್‌ನಾಗ ಆದ್ರ "ದಿಸ್ ಈಸ್ ಬಸವರಾಜ್". ಇಷ್ಟೇ, ಇದನ್ನ ಕನ್ನಡಿ ಮುಂದ ನಿಂತು ಹತ್ತು ಸಲ ಅನ್ರಿ, ನಾಚ್ಕಿ ಬಿಟ್ಟು ಗಟ್ಟಿ ದನಿಲೇ ಅನ್ರಿ, ಯಾಕಂದ್ರ ಹದಿನೈದು ವರ್ಷದ ರೂಢಿ ಮನಸ್ಸಿನಾಗ ಅಂದ್ಕೊಂಡ್ರ ಹೋಗಂಗಿಲ್ಲ.

ಹಂಗಾದ್ರ ಮೈಸೆಲ್ಫ್ ಯಾವಾಗ ಬೇಕು? ಹಾಳಿ ತಗೀರಿ. "ನನಗ ನಾನೇ" ಅನ್ನೋ ಅರ್ಥ ಬಂದಾಗ. ಉಳ್ಳಾಗಡ್ಡಿ ಹೆಚ್ಚಾಗ ಕೈ ಕೊಯ್ಕೊಂಡೆ, "ಐ ಕಟ್ ಮೈಸೆಲ್ಫ್". ಯಾರೂ ಹೇಳಿಕೊಡ್ಲಿಲ್ಲ, ಎಕ್ಸೆಲ್ ನಾನೇ ಕಲ್ತಕೊಂಡೆ, "ಐ ಟಾಟ್ ಮೈಸೆಲ್ಫ್ ಎಕ್ಸೆಲ್". ನೋಡ್ರಿ, ನಮ್ಮಲ್ಲಿ ಕೊಯ್ಕೊಂಡೆ, ಕಲ್ತಕೊಂಡೆ ಅನ್ನೋದರಾಗಿನ "ಕೊಂಡೆ" ಮಾಡೋ ಕೆಲಸ ಅಲ್ಲಿ ಮೈಸೆಲ್ಫ್ ಮಾಡ್ತದ. ಎಲ್ಲಾ ಕೊಂಡೆಗೂ ಹಚ್ಚಬ್ಯಾಡ್ರಿ ಮತ್ತ, ತಗೊಂಡೆ, ಹೊಂಟ್ಕೊಂಡೆ ಇವಕ್ಕೆಲ್ಲ ಬರಂಗಿಲ್ಲ. ಎರಡನೇದು "ಖುದ್ದು ನಾನೇ": "ಐ ಫಿಲ್ಡ್ ದ ಫಾರ್ಮ್ ಮೈಸೆಲ್ಫ್". ನಮ್ಮ ಹುಡುಗ್ರು ಈ ಖುದ್ದು ನಾನೇ ಅನ್ನೋದಕ್ಕ "ಐ ಓನ್ಲಿ ಟೋಲ್ಡ್ ಹಿಮ್" ಅಂತಾರ, ನಾನೇ ಅನ್ನೋದರಾಗಿನ ಏ ಅದನ್ನ ಓನ್ಲಿ ಮಾಡಿದ್ದು. ಮೈಸೆಲ್ಫ್ ನಿಜವಾಗಿ ಬೇಕಾದ ಜಾಗ ಇದೇ, ಇಲ್ಲೇ ಅದನ್ನ ಬಿಡ್ತಾರ! "ಐ ಟೋಲ್ಡ್ ಹಿಮ್ ಮೈಸೆಲ್ಫ್" ಅನ್ರಿ.

ಪರೀಕ್ಷೆ ಒಂದೇ. ಮೈಸೆಲ್ಫ್ ಅಂತ ಬಂದ್ರ ಅದೇ ಮಾತಿನಾಗ ಅದಕ್ಕಿಂತ ಮುಂಚೆ ಐ ಬಂದದೇನು ನೋಡ್ರಿ. ಬಂದಿಲ್ಲಾಂದ್ರ ಮೈಸೆಲ್ಫ್ ತಗದು ಒಗೀರಿ. "ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್", "ಫಾರ್ ಡಿಟೇಲ್ಸ್ ಕಾಲ್ ರಾಜು ಆರ್ ಮೈಸೆಲ್ಫ್", ಎರಡರಾಗೂ ಐ ಇಲ್ಲ, ಎರಡೂ ಕಡಿ ಮಿ ಬರ್ಬೇಕು. ಆಫೀಸ್ ಮೇಲ್‌ನಾಗ ಇದು ಭಾಳ ಕಾಣ್ತದ, ಮಿ ಅಂದ್ರ ಸಣ್ಣ ಪದ, ಮರ್ಯಾದಿ ಕಮ್ಮಿ ಅಂತ ಒಂದು ತಿಳುವಳಿಕಿ ನಮ್ಮವ್ರಿಗಿ ಅದ. ಮಿ ಅನ್ನೋದರಾಗ ಮರ್ಯಾದಿ ಕಮ್ಮಿ ಏನೂ ಇಲ್ಲ.

ಹೆಜ್ಜಿ 3: ಐ ಮತ್ತ ಮಿ

ಒಬ್ಬರೇ ಇದ್ದಾಗ ಇದನ್ನ ಯಾರೂ ತಪ್ಪಂಗಿಲ್ಲ. "ಗಿವ್ ಐ ದ ಬುಕ್" ಅಂತ ಯಾರೂ ಅನ್ನಂಗಿಲ್ಲ. ಇನ್ನೊಬ್ರು ಜೋಡಿ ಬಂದ್ರು ಅಂದ್ರ ಸುರು ಆಯ್ತು ಗದ್ದಲ. "ಮಿ ಅಂಡ್ ಮೈ ಫ್ರೆಂಡ್ ವೆಂಟ್ ಟು ಬೀದರ್" ಅಂದಾಗ ಯಾರೋ ಸರ್ ಬೈದಿರ್ತಾರ, ಹಂಗ ಅನ್ನಬ್ಯಾಡ, ಮೈ ಫ್ರೆಂಡ್ ಅಂಡ್ ಐ ಅನ್ನು ಅಂತ. ಸರ್ ಹೇಳಿದ್ದು ಖರೆ ಅದ. ಆದ್ರ ಯಾಕ ಅಂತ ಹೇಳಲಿಲ್ಲ, ಹಂಗಾಗಿ ಹುಡುಗ ಏನ್ ತಿಳ್ಕೊಂಡ ಅಂದ್ರ ಮಿ ಅನ್ನೋದೇ ತಪ್ಪು, ಜೋಡಿ ಯಾರರ ಇದ್ರ ಯಾವಾಗ್ಲೂ ಐ ಅನ್ಬೇಕು. ಮುಂದ ಅವನೇ ದೊಡ್ಡವನಾಗಿ "ಸರ್ ಗೇವ್ ದ ನೋಟ್ಸ್ ಟು ಭಾಗಮ್ಮ ಅಂಡ್ ಐ" ಅಂತಾನ, "ಬಿಟ್ವೀನ್ ಯು ಅಂಡ್ ಐ" ಅಂತಾನ, ಅದೂ ಭಾಳ ಶುದ್ಧ ಇಂಗ್ಲಿಷ್ ಅಂತ ನಂಬಿ. ಇದು ಗೊತ್ತಿಲ್ಲದ ಮಾಡೋ ತಪ್ಪಲ್ಲ, ಅಂಜಿ ಮಾಡೋ ತಪ್ಪು, ಇಂಗ್ಲಿಷೇ ಮನಿ ಮಾತು ಆಗಿದ್ದವ್ರೂ ಇದನ್ನ ಮಾಡ್ತಾರ, ಅದಕ್ಕ ನನಗ ಇದರ ಮ್ಯಾಲ ಮೈಸೆಲ್ಫ್‌ಕ್ಕಿಂತ ಹೆಚ್ಚು ಸಂಕಟ.

ಮದ್ದು ಎರಡದಾವ. ಮೊದಲ್ನೇದು, ಜೋಡಿ ಇದ್ದವ್ರನ್ನ ಸ್ವಲ್ಪ ಹೊತ್ತು ಹೊರಗ ಕಳಸ್ರಿ. ಭಾಗಮ್ಮನ್ನ ತಗದ್ರ "ಸರ್ ಗೇವ್ ದ ನೋಟ್ಸ್ ಟು ಐ" ಉಳೀತದ, ಕಿವಿಗಿ ಕಲ್ಲು ಬಡದಂಗ ಆಗ್ತದ, ಹಂಗಾದ್ರ ಮಿ. ಫ್ರೆಂಡನ್ನ ತಗದ್ರ "ಮಿ ವೆಂಟ್ ಟು ಬೀದರ್" ಉಳೀತದ, ಹಂಗಾದ್ರ ಐ.

ಎರಡನೇದು ಕನ್ನಡದಾಗ ಅಂದು ನೋಡೋದು. "ಸರ್ ಭಾಗಮ್ಮಗ ಮತ್ತ ನಾ ನೋಟ್ಸ್ ಕೊಟ್ರು" ಅಂತ ನಮ್ಮೂರಾಗ ಮೂರು ವರ್ಷದ ಕೂಸೂ ಅನ್ನಂಗಿಲ್ಲ, ಭಾಗಮ್ಮಗ ಮತ್ತ ನನಗ ಅಂತದ. ನಾ ಅಂತ ಬಂದ್ರ ಐ, ನನಗ, ನನ್ನ ಜೋಡಿ, ನನ್ನ ನಡುವ ಅಂತ ಬಂದ್ರ ಮಿ. ನಿನ್ನ ನನ್ನ ನಡುವ, "ಬಿಟ್ವೀನ್ ಯು ಅಂಡ್ ಮಿ".

ಆದ್ರ ಈ ಎರಡನೇ ಮದ್ದಿಗಿ ಒಂದು ಪಥ್ಯ ಅದ, ಇಲ್ಲಿ ನಿಂತು ಓದ್ರಿ. ಕನ್ನಡದಾಗ ನನಗ ಅಂದ್ರೂ ಇಂಗ್ಲಿಷಿನಾಗ ಐ ಆಗೋ ಮಾತು ಭಾಳ ಅವ. ನನಗ ಜ್ವರ ಬಂದದ, ನನಗ ಹಸಿವಾಗ್ಯದ, ನನಗ ಬೇಕು, ನನಗ ಗೊತ್ತದ, ನನಗ ಸೇರ್ತದ, ನನಗ ಬೀದರಿಗಿ ಹೋಗೋದದ. ಇವೆಲ್ಲಾದಕ್ಕೂ ಇಂಗ್ಲಿಷಿನವ್ರು ಐ ಅಂತಾರ: ಐ ಹ್ಯಾವ್ ಎ ಫೀವರ್, ಐ ಯಾಮ್ ಹಂಗ್ರಿ, ಐ ವಾಂಟ್, ಐ ನೋ, ಐ ಲೈಕ್, ಐ ಹ್ಯಾವ್ ಟು ಗೋ. ನಮ್ಮ ಕಡಿ ಇದು ಕನ್ನಡದ ಒಬ್ಬರ ಮಾತಲ್ಲ, ದಖನಿ ಮಾತಾಡೋರು "ಮೇರೆಕು ಹೋನಾ" ಅಂತಾರ, ತೆಲುಗಿನವ್ರು "ನಾಕು ಕಾವಾಲಿ" ಅಂತಾರ, ಮರಾಠಿಯವ್ರು "ಮಲಾ ಪಾಹಿಜೆ" ಅಂತಾರ, ಎಲ್ಲಾದರಾಗೂ ನನಗ ಬೇಕು ಅಂತೇ. ನಾಲ್ಕೂ ಭಾಷಾದಾಗ ಹಸಿವು, ಜ್ವರ, ಆಸಿ ಇವೆಲ್ಲ ನಮಗ ಬರೋವು, ನಾವು ಮಾಡೋವಲ್ಲ. ಇಂಗ್ಲಿಷಿನಾಗ ಹಂಗಿಲ್ಲ, ಹಂಗಾಗಿ ಈ ಆರು ಮಾತು ಹಾಳಿ ಹಿಂದ ಬರ್ಕೋರಿ, ಇಂಥವು ಇನ್ನೂ ಸಿಕ್ಕಂಗ ಕೂಡಸ್ಕೋತ ಹೋಗ್ರಿ, ಉಳಿದದ್ದಕ್ಕೆಲ್ಲ ಕನ್ನಡದ ಪರೀಕ್ಷೆ ನಡೀತದ.

ಹೆಜ್ಜಿ 4: ಅವ್ರು ಅಂದಾಗ ಯಾರು

ನನ್ನ ಪ್ರಕಾರ ನಮ್ಮ ಕಡಿಯವ್ರಿಗಿ ಎಲ್ಲಾದಕ್ಕಿಂತ ಬಿಗಿ ಗಂಟು ಇದೇ. ಶಾಣ್ಯಾ ಹುಡುಗ, ಫಸ್ಟ್ ಕ್ಲಾಸ್, ತನ್ನ ಅವ್ವನ ಬಗ್ಗೆ ಹೇಳ್ಕೋತ "ಹಿ ಈಸ್ ವರ್ಕಿಂಗ್ ಇನ್ ಅಂಗನವಾಡಿ" ಅಂತಾನ. ಕೇಳಿದವ್ರು ಇವನಿಗಿ ಗಂಡು ಹೆಣ್ಣು ಫರಕು ತಿಳ್ಯಂಗಿಲ್ಲೇನು ಅಂತಾರ. ಕನ್ನಡದಾಗ ಅವ, ಅಕಿ ಅಂತ ಚಂದಂಗಿ ಬ್ಯಾರೆ ಬ್ಯಾರೆ ಅವ, ತಿಳೀದೇ ಏನು? ಆದ್ರ ಅವ್ವನ್ನ, ಮೇಡಂನ್ನ, ಅತ್ತೀನ್ನ ಮಂದಿ ಮುಂದ ಅಕಿ ಅನ್ನಲಿಕ್ಕೆ ಬಾಯಿ ಬರಂಗಿಲ್ಲ, ಮರ್ಯಾದಿಗಿ ಅವ್ರು ಅಂತೀವಿ, ಅಪ್ಪನಿಗೂ ಅವ್ರು, ಸರ್‌ಗೂ ಅವ್ರು. ಅವ್ರು ಅನ್ನೋದರಾಗ ಗಂಡು ಹೆಣ್ಣು ಇಲ್ಲ. ಮನಸ್ಸಿನಾಗ ಅವ್ರು ಅಂತ ಸುರು ಆಗಿದ್ದು ಬಾಯಿಗಿ ಬರೋಟಿಗಿ ಹಿ ನೋ ಶಿ ನೋ ಯಾವ್ದೋ ಒಂದಾಗಿ ಬೀಳ್ತದ. ಮನ್ಯಾಗ ಉರ್ದು ಮಾತಾಡೋ ಹುಡುಗ್ರಿಗೂ ಇದೇ ಕಷ್ಟ, ಅವ್ರ "ವೋ" ದಾಗೂ ಗಂಡು ಹೆಣ್ಣು ಕಾಣಂಗಿಲ್ಲ, ಕ್ರಿಯಾಪದದಾಗ ಕಾಣ್ತದ.

ಇನ್ನು ಕೆಲವರು ಅವ್ರು ಅನ್ನೋದನ್ನ ಹಂಗೇ ದಾಟಿಸಿ "ಮೈ ಫಾದರ್ ಈಸ್ ಫಾರ್ಮರ್, ದೇ ಗ್ರೋ ತೊಗರಿ" ಅಂತಾರ. ಕೇಳಿದವ್ರು ಅಪ್ಪ ಒಬ್ಬರೇ ಅಲ್ಲೇನು, ಯಾರ್ ಯಾರು ಕೂಡಿ ಒಕ್ಕಲುತನ ಮಾಡ್ತಾರ ಅಂತ ತಿಳ್ಕೋತಾರ. ಇಂಗ್ಲಿಷಿನಾಗ ಹಿ ಅಂದ್ರ ಅಪ್ಪನ ಮರ್ಯಾದಿ ಹೋಗಂಗಿಲ್ಲ. ಅಲ್ಲಿ ರಾಷ್ಟ್ರಪತಿಗೂ ಹಿ ಇಲ್ಲಾ ಶಿ ಅಂತೇ ಅಂತಾರ, ಮರ್ಯಾದಿ ಬ್ಯಾರೆ ಪದದಾಗ ಇರ್ತದ, ದನ್ಯಾಗ ಇರ್ತದ.

ಮಾಡೋದು ಹ್ಯಾಂಗ ಅಂದ್ರ, ಯಾರ ಬಗ್ಗೆ ಮಾತು ಸುರು ಮಾಡ್ತೀರೋ ಮೊದಲ್ನೇ ಮಾತಿಗೇ ಅವ್ರನ್ನ ಮದರ್, ಮೇಡಂ, ಫಾದರ್ ಅಂತ ಹೆಸರಿಟ್ಟು ಹೇಳ್ರಿ, ಅರೆಕ್ಷಣ ನಿಂದರ್ರಿ, ಆಮ್ಯಾಲ ಹಿ ಇಲ್ಲಾ ಶಿ. ಆ ಅರೆಕ್ಷಣದ ರೂಢಿ ಆಗ್ಲಿಕ್ಕೆ ದಿನಾ ಐದು ಮಿನಿಟು ನಿಮ್ಮ ಅವ್ವನ ಬಗ್ಗೆ ಮಾತಾಡ್ರಿ, ಮುಂಜಾನಿ ಎದ್ದಾಗಿಂದ ರಾತ್ರಿ ಮಲಗೋತನ ಏನೇನ್ ಮಾಡ್ತಾರ ಅಂತ. ಶಿ ವೇಕ್ಸ್ ಅಪ್ ಅಟ್ ಫೈವ್, ಶಿ ಮೇಕ್ಸ್ ರೊಟ್ಟಿ, ಹೀಗೇ. ಒಂದು ವಾರ ಅವ್ವ, ಮುಂದಿನ ವಾರ ಅಪ್ಪ. ನನ್ನ ಹತ್ರ ಇದಕ್ಕಿಂತ ಚಲೋ ಮದ್ದು ಇಲ್ಲ, ಹಚ್ಚಿದವ್ರಿಗೆಲ್ಲ ಹತ್ಯದ.

ಇದರ ಜೋಡಿ ಇನ್ನೆರಡು. "ಮೈ ಫಾದರ್ ಹಿ ಈಸ್ ಎ ಫಾರ್ಮರ್" ಅಂತ ಎರಡೆರಡು ಸಲ ಹೇಳಬ್ಯಾಡ್ರಿ, ನಮ್ಮಲ್ಲಿ ನಮ್ಮಪ್ಪ ಅವ್ರು ಅಂತೀವಲ್ಲ, ಆ ಅವ್ರು ಅಲ್ಲಿ ಹಿ ಆಗಿ ಅಂಟ್ಕೊಂಡದ. ಫಾದರ್ ಅಂದ್ಮ್ಯಾಲ ಹಿ ಬ್ಯಾಡ. ಮತ್ತೊಂದು ಔರ್. ನಮ್ಮಪ್ಪ, ನಮ್ಮವ್ವ, ನಮ್ಮ ಮನಿ, ಒಬ್ಬರೇ ಇದ್ರೂ ನಮ್ಮ ಅಂತೀವಿ, ನನ್ನ ಅಪ್ಪ ಅಂದ್ರ ನಮ್ಮ ಕಿವಿಗಿ ಸೊಕ್ಕಿನ ಮಾತು. ಮದುವಿ ಆದ ಹೆಣ್ಮಕ್ಕಳು "ನಮ್ಮ ಮನಿಯವ್ರು" ಅನ್ನೋದನ್ನ "ಔರ್ ಹಸ್ಬೆಂಡ್" ಅಂತ ಬ್ಯಾಂಕಿನಾಗ, ದವಾಖಾನ್ಯಾಗ ಹೇಳೋದು ಕೇಳೀನಿ, ಅಲ್ಲಿ ಕುಂತವ್ರು ಒಳಗೊಳಗ ನಗೋದೂ ನೋಡೀನಿ, ನನಗ ನಗು ಬರಲಿಲ್ಲ, ಆ ನಮ್ಮ ಅನ್ನೋದರಾಗ ಎಷ್ಟು ಮರ್ಯಾದಿ ಅದ ಅಂತ ನನಗ ಗೊತ್ತದ. ಆದ್ರ ಇಂಗ್ಲಿಷಿನಾಗ ಔರ್ ಅಂದ್ರ ಇಬ್ಬರದೋ ಮೂವರದೋ ಅಂತೇ ಅರ್ಥ. ಮೈ ಹಸ್ಬೆಂಡ್, ಮೈ ಫಾದರ್, ಮೈ ಹೌಸ್ ಅನ್ರಿ. ಅಣ್ಣ ತಮ್ಮ ಕೂಡಿ ಕುಂತು ಹೇಳ್ಲಾಕತ್ತಿದ್ರ ಮಾತ್ರ ಔರ್ ಫಾದರ್.

ಹೆಜ್ಜಿ 5: ಯು ಅನ್ಲಿಕ್ಕೆ ಅಂಜಬ್ಯಾಡ್ರಿ

ದೊಡ್ಡವ್ರಿಗಿ ಯು ಅಂದ್ರ ನೀ ಅಂದಂಗ ಆಗ್ತದ ಅಂತ ಅಂಜಿ ಹುಡುಗ್ರು "ಸರ್ ಈಸ್ ಕಮಿಂಗ್ ಟುಮಾರೊ?" ಅಂತ ಎದುರಿಗಿ ನಿಂತ ಸರ್‌ಗೇ ಕೇಳ್ತಾರ, ಸರ್ ಯಾವ ಸರ್ ಅಂತ ಹಿಂದ ತಿರುಗಿ ನೋಡ್ತಾರ. ಇಲ್ಲಿ ಒಂದು ಇತಿಹಾಸ ತಿಳ್ಕೊಂಡ್ರ ಅಂಜಿಕಿ ಹೋಗ್ತದ. ಹಿಂದಕ ಇಂಗ್ಲಿಷಿನಾಗೂ ನೀ, ನೀವು ಎರಡೂ ಇದ್ದವು. ನೀ ಅನ್ನೋದಕ್ಕ ದೌ ಅಂತಿದ್ರು, ಯು ಅನ್ನೋದು ನೀವು. ಮರ್ಯಾದಿಗಿ ಒಬ್ಬರಿಗೂ ಯು ಅನ್ಕೋತ ಅನ್ಕೋತ ಕೊನೀಗಿ ಎಲ್ಲಾರಿಗೂ ಯು ಆಯ್ತು, ದೌ ಅನ್ನೋದು ದಿನದ ಮಾತಿನಿಂದ ಬಿದ್ದೇ ಹೋಯ್ತು. ಅಂದ್ರ ಈಗ ಉಳಿದದ್ದು ಮರ್ಯಾದಿ ಪದಾನೇ. "ಸರ್, ಆರ್ ಯು ಕಮಿಂಗ್ ಟುಮಾರೊ?" ಅಂತ ಧೈರ್ಯಲೇ ಕೇಳ್ರಿ, ಮೊದಲು ಸರ್ ಅಂದೀರಲ್ಲ, ಸಾಕು.

ಹೆಜ್ಜಿ 6: ತಾ ಇಲ್ಲದ ಭಾಷಾದಾಗ ಹೆಸರು ಹಾಕ್ರಿ

ಕನ್ನಡದಾಗ ತಾ, ತನ್ನ ಅನ್ನೋದು ಎಂಥ ಉಪಕಾರಿ ಪದ ಅಂತ ಇಂಗ್ಲಿಷ್ ಬರಿಯಾಗ ತಿಳೀತದ. "ರಾಜು ಸುರೇಶಗ ತನ್ನ ಗಾಡಿ ಕೊಟ್ಟ" ಅಂದ್ರ ಗಾಡಿ ರಾಜುಂದು, "ಅವನ ಗಾಡಿ ಕೊಟ್ಟ" ಅಂದ್ರ ಸುರೇಶಂದೋ ಮತ್ತ್ಯಾರದೋ. ಇಂಗ್ಲಿಷಿನಾಗ ಎರಡಕ್ಕೂ ಹಿಸ್. ಬಾಯಿ ಮಾತಿನಾಗ ನಡೀತದ, ಕೈ ಮಾಡಿ ತೋರಸ್ತೀವಿ. ಆದ್ರ ಬರವಣಗ್ಯಾಗ, ಅದೂ ಆಕ್ಸಿಡೆಂಟ್ ಆದ್ಮ್ಯಾಲ ಇನ್ಶೂರೆನ್ಸಿಗಿ ಬರಿಯೋ ಪತ್ರದಾಗ, ಹೊಲದ ತಕರಾರಿನ ಅರ್ಜಿದಾಗ "ಹಿ ಟೋಲ್ಡ್ ಹಿಮ್ ದಟ್ ಹಿ ಟುಕ್ ಹಿಸ್ ಬೈಕ್" ಅಂತ ಬರದ್ರ ಯಾರು ಯಾರ ಬೈಕ್ ತಗೊಂಡ್ರು? ನಾಲ್ಕು ಸರ್ವನಾಮ, ಒಂದಕ್ಕೂ ಒಡೆಯ ಇಲ್ಲ. ಇಂಥ ಒಂದು ಅರ್ಜಿ ನನ್ನ ಹತ್ರ ತಿದ್ದಲಿಕ್ಕೆ ತಂದಿದ್ರು, ಬರದವ್ರಿಗೇ ಎರಡು ಸಲ ಕೇಳಬೇಕಾಯ್ತು.

ಬರದಾದ್ಮ್ಯಾಲ ಹಿ, ಹಿಮ್, ಹಿಸ್, ದೇ, ಇಟ್ ಎಲ್ಲಾದಕ್ಕೂ ಪೆನ್ಸಿಲ್‌ಲೇ ಸುತ್ತ ಗೋಲ ಹಾಕ್ರಿ, ಪ್ರತಿಯೊಂದು ಗೋಲದಿಂದ ಅದು ಯಾರಂತ ಹೆಸರಿಗಿ ಒಂದು ಗೆರಿ ಎಳೀರಿ. ಗೆರಿ ಎರಡು ಹೆಸರಿಗಿ ಹೋಗಲಾಕತ್ರ ಆ ಗೋಲ ಅಳಿಸಿ ಹೆಸರು ಬರೀರಿ. ಹೆಸರು ನಾಲ್ಕು ಸಲ ಬಂದ್ರೂ ಚಿಂತಿಲ್ಲ, ಓದಾಕ ಚಂದ ಇರಂಗಿಲ್ಲ ಅಷ್ಟೇ, ಅರ್ಜಿ ಚಂದಕ್ಕ ಬರಿಯೋದಲ್ಲ.

ಹೆಜ್ಜಿ 7: ಮ್ಯಾಲಿನ ಕೊಕ್ಕಿ

ಕೊಕ್ಕಿ ಅಂದ್ರ ಅಕ್ಷರದ ಮ್ಯಾಲ ಹಾಕೋ ಅಪಾಸ್ಟ್ರಫಿ, ಇದು ಕಿವಿಗಿ ಕೇಳಂಗಿಲ್ಲ, ಕಣ್ಣಿಗಷ್ಟೇ ಕಾಣ್ತದ. ಬಸವರಾಜನ ಅಂಗಡಿ ಅನ್ನೋದಕ್ಕ ಬಸವರಾಜ್ ಬರದು ಮ್ಯಾಲ ಕೊಕ್ಕಿ ಹಾಕಿ ಎಸ್ ಹಚ್ತಾರ, ಅದು ಸರಿ. ಅದನ್ನ ನೋಡಿ ಕೊಕ್ಕಿ ಅಂದ್ರ "ಇವರದು" ಅನ್ನೋ ಗುರ್ತು ಅಂತ ತಿಳ್ಕೊಂಡು ಯುವರ್ಸ್, ಹರ್ಸ್, ಔರ್ಸ್, ದೇರ್ಸ್ ಎಲ್ಲಾದಕ್ಕೂ ಕೊಕ್ಕಿ ಹಾಕ್ತಾರ. ಹಿ, ಶಿ, ಇಟ್, ವಿ, ಯು, ದೇ, ಹೂ ಇಂಥ ಸರ್ವನಾಮದಾಗ ಇವರದು ಅನ್ನೋದಕ್ಕ ಕೊಕ್ಕಿ ಬರಂಗೇ ಇಲ್ಲ, ಹಿಸ್ ಅನ್ನೋದಕ್ಕ ಯಾರರ ಹಾಕ್ತಾರೇನು? ಅದನ್ನೇ ನೆನಪಿಡ್ರಿ. ಇವುಗಳಾಗ ಕೊಕ್ಕಿ ಬಂದ್ರ ಅಲ್ಲಿ ಅಕ್ಷರ ಬಿಟ್ಟಾರಂತ ಅರ್ಥ. ಇಟ್ಸ್ ಅನ್ನೋದು ಕೊಕ್ಕಿ ಇದ್ರ ಇಟ್ ಈಸ್ ಇಲ್ಲಾ ಇಟ್ ಹ್ಯಾಸ್, ಇಲ್ಲದಿದ್ರ ಅದರ. ನಾಯಿ ಬಾಲ ಅಲ್ಲಾಡಸ್ತದ ಅಂತ ಬರಿಯಾಗಿನ "ಅದರ ಬಾಲ" ಕೊಕ್ಕಿ ಇಲ್ಲದ ಇಟ್ಸ್. ಹೂಸ್ ಅನ್ನೋದೂ ಹಂಗೇ, ಕೊಕ್ಕಿ ಇದ್ರ ಹೂ ಈಸ್ ಇಲ್ಲಾ ಹೂ ಹ್ಯಾಸ್, ಯಾರದು ಅನ್ನೋದಕ್ಕ ಕೊಕ್ಕಿ ಇಲ್ಲದ ಬ್ಯಾರೆ ಸ್ಪೆಲ್ಲಿಂಗ್. ವಾಟ್ಸ್ಯಾಪ್‌ನಾಗ ಥ್ಯಾಂಕ್ಯೂ ಅಂದ್ರ ವಾಪಸ್ ಬರೋ "ಯುವರ್ ವೆಲ್ಕಮ್" ನಿಮ್ಮ ಸ್ವಾಗತ ಅಂತಾಗ್ತದ, ಬೇಕಾದದ್ದು ಯು ಆರ್, ಕೊಕ್ಕಿ ಹಾಕಿ ಕೂಡಸ್ರಿ ಇಲ್ಲಾ ಬಿಡಿಸಿ ಬರೀರಿ.

ಹೆಜ್ಜಿ 8: ಬಿಟ್ಟ ಇಟ್ ವಾಪಸ್ ತರ್ರಿ

ಕನ್ನಡದಾಗ ಕ್ರಿಯಾಪದದಾಗೇ ಯಾರಂತ ಕಾಣ್ತದ, ಬಂದೆ ಅಂದ್ರ ನಾ, ಬಂದ್ಳು ಅಂದ್ರ ಅಕಿ. ಹಂಗಾಗಿ ಸರ್ವನಾಮ ಬಿಟ್ರೂ ನಡೀತದ. ಇಂಗ್ಲಿಷಿನ ಕೇಮ್‌ನಾಗ ಯಾರೂ ಕಾಣಂಗಿಲ್ಲ, ಬಿಟ್ರ ಮಾತು ಕುಂಟ್ತದ. ಮಳಿ ಬರ್ಲಾಕತ್ತದ, "ಈಸ್ ರೇನಿಂಗ್" ಅಲ್ಲ, "ಇಟ್ ಈಸ್ ರೇನಿಂಗ್". ಊಟ ಹ್ಯಾಂಗಿತ್ತು ಅಂದ್ರ "ಐ ಲೈಕ್ಡ್ ವೆರಿ ಮಚ್" ಅಲ್ಲ, "ಐ ಲೈಕ್ಡ್ ಇಟ್ ವೆರಿ ಮಚ್". ಜಾತ್ರಿಗಿ ಹೋಗಿ ಬಂದು "ಐ ಎಂಜಾಯ್ಡ್ ವೆರಿ ಮಚ್" ಅಂತಾರ, ಅಲ್ಲಿ ಇಟ್ ಇಲ್ಲಾ ಮೈಸೆಲ್ಫ್ ಬೇಕು. ನೋಡ್ರಿ ಮೈಸೆಲ್ಫ್ ಬೇಕಾದ ಜಾಗ ಇನ್ನೊಂದು ಸಿಕ್ತು.

ಹೆಜ್ಜಿ 9: ಹೂ, ಹೂಮ್

ಯಾರು ಅಂದ್ರ ಹೂ, ಯಾರಿಗಿ, ಯಾರನ್ನ ಅಂದ್ರ ಹೂಮ್. ಮಾತಿನಾಗ ಎಲ್ಲಾದಕ್ಕೂ ಹೂ ಅಂದ್ರೂ ಇವತ್ತು ಯಾರೂ ತಪ್ಪು ಹಿಡ್ಯಂಗಿಲ್ಲ. ಟು ಹೂಮ್, ವಿತ್ ಹೂಮ್ ಅಂತ ಅದಕ್ಕಿಂತ ಮುಂಚೆ ಟು, ವಿತ್ ಬಂದಾಗ ಮಾತ್ರ ಹೂಮ್ ಬರೀರಿ. ಸಂಶಯ ಇದ್ದಲ್ಲಿ ಹೂ ಅನ್ರಿ, "ಹೂಮ್ ಈಸ್ ಕಮಿಂಗ್" ಅನ್ನೋಕಿಂತ ಅದು ನೂರು ಪಾಲು ವಾಸಿ.

ಹೆಜ್ಜಿ 10: ತಪ್ಪಲ್ಲದ್ದನ್ನ ತಿದ್ದಬ್ಯಾಡ್ರಿ

ಒಂದಿಷ್ಟು ಕಲ್ತ ಕೂಡ್ಲೇ ಮಂದೀನ್ನ ತಿದ್ದೋ ಚಟ ಹತ್ತದ. ನನಗೂ ಈ ವಿಷಯದಾಗ ಸಿಟ್ಟು ಅದ, ಆದ್ರ ಸಿಟ್ಟಿಗೂ ಹದ್ದು ಇರ್ಬೇಕು. ಬಾಗ್ಲ ಬಡದು "ಇಟ್ಸ್ ಮಿ" ಅಂದ್ರ ಸರಿ ಅದ, "ಇಟ್ ಈಸ್ ಐ" ಅನ್ನಾಕ ಹೋಗಬ್ಯಾಡ್ರಿ. "ಹಿ ಈಸ್ ಟಾಲರ್ ದ್ಯಾನ್ ಮಿ" ಸರಿ ಅದ. ಆಫೀಸಿನವ್ರು "ಕೈಂಡ್ಲಿ ಕನ್ಫರ್ಮ್ ದ ಸೇಮ್" ಅಂತ ಬರೀತಾರ, ಅದು ತಪ್ಪಲ್ಲ, ಹಳೇ ಕೋರ್ಟ್ ಕಾಗದದ ಭಾಷಾ, ನಾ ಆದ್ರ ಇಟ್ ಅಂತ ಬರೀತೀನಿ.

ಇನ್ನು ಒಬ್ಬರಿಗೇ ದೇ ಅನ್ನೋದು. ಮ್ಯಾಲ ಅಪ್ಪಗ ದೇ ಅನ್ನಬ್ಯಾಡ್ರಿ ಅಂದೀನಿ, ಯಾಕಂದ್ರ ಅಪ್ಪ ಯಾರಂತ ಗೊತ್ತದ, ಗಂಡಸು ಅಂತ ಗೊತ್ತದ. ಯಾರಂತ ಗೊತ್ತಿಲ್ಲದಾಗ "ಸಮ್‌ಒನ್ ಲೆಫ್ಟ್ ದೇರ್ ಬ್ಯಾಗ್" ಅನ್ನೋದು ಪೂರಾ ಸರಿ, 14ನೇ ಶತಮಾನದಿಂದ ಇಂಗ್ಲಿಷಿನಾಗ ನಡ್ಕೊಂಡು ಬಂದದ. ತಮಗ ಹಿ, ಶಿ ಬ್ಯಾಡ, ದೇ ಅನ್ರಿ ಅಂತ ಕೇಳೋ ಮಂದೀನೂ ಅದಾರ, ಅಮೇರಿಕಾದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವ್ರು 2019ರ ವರ್ಷದ ಪದ ಅಂತ ದೇ ಅನ್ನೇ ಆರಿಸಿದ್ರು. ಅಂಥವ್ರಿಗಿ ಅವ್ರು ಕೇಳಿದಂಗ ದೇ ಅನ್ರಿ. ನಮಗ ಇದು ಕಷ್ಟ ಆಗಬಾರ್ದು, ಒಬ್ಬರಿಗಿ ಅವ್ರು ಅಂತ ಹುಟ್ಟಿದಾಗಿಂದ ಅನ್ಕೋತ ಬಂದವ್ರು ನಾವು.

ಹೆಜ್ಜಿ 11: ಈಗ ಬರೀರಿ

ಪರಿಚಯ ಇಷ್ಟೇ ಇರಲಿ: ಗುಡ್ ಮಾರ್ನಿಂಗ್. ಐ ಯಾಮ್ ಬಸವರಾಜ್. ಐ ಯಾಮ್ ಫ್ರಮ್ ಜೇವರ್ಗಿ. ಮೈ ಫಾದರ್ ಈಸ್ ಎ ಫಾರ್ಮರ್. ಹಿ ಗ್ರೋಸ್ ತೊಗರಿ. ಮೈ ಮದರ್ ವರ್ಕ್ಸ್ ಇನ್ ಆನ್ ಅಂಗನವಾಡಿ. ಶಿ ಟಾಟ್ ಮಿ ಟು ರೀಡ್. ಇದರಾಗ ಏನ್ ಏನು ಎಲ್ಲಿ ಬಂದದ ಅಂತ ಹಾಳಿ ಇಟ್ಕೊಂಡು ಹೊಂದಿಸಿ ನೋಡ್ರಿ.

ಆಮ್ಯಾಲ ಒಂದು ರಜಾ ಅರ್ಜಿ: ಮೈ ಫಾದರ್ ಈಸ್ ನಾಟ್ ವೆಲ್. ಮೈ ಬ್ರದರ್ ಅಂಡ್ ಐ ಹ್ಯಾವ್ ಟು ಟೇಕ್ ಹಿಮ್ ಟು ದ ಹಾಸ್ಪಿಟಲ್ ಟುಮಾರೊ. ಕೈಂಡ್ಲಿ ಗ್ರಾಂಟ್ ಮಿ ಒನ್ ಡೇಸ್ ಲೀವ್. ಈ "ಡೇಸ್" ಅನ್ನೋದಕ್ಕ ಕೊಕ್ಕಿ ಬೇಕು, ಅದು ಸರ್ವನಾಮ ಅಲ್ಲ, ಒಂದು ದಿನದ ರಜಾ ಅನ್ನೋದರಾಗಿನ "ದಿನದ". ಕೆಳಗ ಯುವರ್ಸ್ ಫೇತ್‌ಫುಲ್ಲಿ ಅಂತ ಬರೀರಿ, ಅದಕ್ಕ ಕೊಕ್ಕಿ ಹಾಕಬ್ಯಾಡ್ರಿ, ಅದರ ಕೆಳಗ ಸಹಿ ಮಾಡ್ರಿ.